ಚಳಿಯ ವಾರಾಂತ್ಯದಲ್ಲಿ ಎಳೆಯ ಮಕ್ಕಳೊಂದಿಗೆ: ಯಾವ ಜಾಗ, ಯಾರಿಗೆ, ಎಷ್ಟು ಹೊತ್ತು?

ಆರು ವರ್ಷದೊಳಗಿನ ಮಕ್ಕಳನ್ನು ಕಟ್ಟಿಕೊಂಡು ಕೊರೆಯುವ ಚಳಿಯ ಶನಿವಾರವೋ ಭಾನುವಾರವೋ ಎಲ್ಲಿಗೆ ಹೋಗುವುದೆಂದು ಯೋಚಿಸುವಾಗ, ಅಲ್ಲಿ ನೋಡಲು ಏನಿದೆ ಎಂದು ಕೇಳಿಕೊಳ್ಳುವುದು ವಾಡಿಕೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಎಂಬುದು ನನ್ನ ಅಭಿಪ್ರಾಯ: ಅಲ್ಲಿಂದ ನಡುವೆಯೇ ಎದ್ದು ಬರುವುದು ಎಷ್ಟು ಸುಲಭ? ಬೇಸಿಗೆಯಲ್ಲಿ ಮಗು ಹಟ ಹಿಡಿದರೆ ನೆರಳಿನಲ್ಲಿ ಕೂರಿಸಿ ಸಮಾಧಾನ ಮಾಡಬಹುದು. ಚಳಿಯಲ್ಲಿ ಹಾಗಲ್ಲ, ಒದ್ದೆಯಾದ ಕಾಲುಚೀಲ, ತಪ್ಪಿದ ನಿದ್ದೆ, ಹತ್ತಿರದಲ್ಲಿಲ್ಲದ ಶೌಚಾಲಯ, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಹತ್ತು ನಿಮಿಷದೊಳಗೆ ಇಡೀ ಸಂಸಾರ ಮನೆಯ ದಾರಿ ಹಿಡಿಯಬೇಕಾಗುತ್ತದೆ. ಒಮ್ಮೆ ನಾವು ವಾರದ ಮುಂಚೆಯೇ ಟಿಕೆಟ್ ಕೊಂಡು, ಒಂದೂವರೆ ಗಂಟೆ ಪ್ರಯಾಣ ಮಾಡಿ ಪ್ರದರ್ಶನವೊಂದಕ್ಕೆ ತಲುಪಿದೆವು. ಬಾಗಿಲಲ್ಲೇ ಕಿರಿಯ ಮಗು ಗಾಢ ನಿದ್ದೆಗೆ ಜಾರಿತು, ಹಿರಿಯದಕ್ಕೆ ಕೋಟು ಬಿಚ್ಚುವುದೇ ಬೇಡವಾಯಿತು. ದುಡ್ಡು ಕೊಟ್ಟಾಗಿದೆಯಲ್ಲ ಎಂಬ ಒಂದೇ ಕಾರಣಕ್ಕೆ ಎರಡು ಗಂಟೆ ಅಲ್ಲೇ ಕಳೆದೆವು. ಅಂದಿನಿಂದ ಪ್ರತಿಯೊಂದು ಜಾಗವನ್ನೂ ಹಿಂತಿರುಗುವ ಸೌಲಭ್ಯದ ಒರೆಗಲ್ಲಿಗೆ ತಿಕ್ಕಿ ನೋಡುವುದು ನನಗೆ ಅಭ್ಯಾಸವಾಗಿದೆ, ಮುಂದಿನ ಹೋಲಿಕೆಯನ್ನೂ ಅದೇ ಕ್ರಮದಲ್ಲಿ ಮಾಡಿದ್ದೇನೆ.

ಮಗುವಿನ ಚಳಿ ಬೇರೆ, ನಮ್ಮ ಚಳಿ ಬೇರೆ

ಆಯ್ಕೆಗೆ ಹೋಗುವ ಮುನ್ನ ಒಂದು ವಿಷಯ ಸ್ಪಷ್ಟವಾಗಿರಬೇಕು. ಮೈತೂಕಕ್ಕೆ ಹೋಲಿಸಿದರೆ ಎಳೆಯ ಮಗುವಿನ ಚರ್ಮದ ವಿಸ್ತಾರ ದೊಡ್ಡವರದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಅದರ ಮೈ ನಮ್ಮದಕ್ಕಿಂತ ಬೇಗ ತಣ್ಣಗಾಗುತ್ತದೆ. ಕೂಸಿನ ತಲೆಯೊಂದೇ ಇಡೀ ಮೈಯ ಹೊರಮೈಯಲ್ಲಿ ಸುಮಾರು ಐದನೇ ಒಂದು ಭಾಗ. ದೊಡ್ಡವರಲ್ಲಿ ಅದು ಹತ್ತನೇ ಒಂದಕ್ಕಿಂತಲೂ ಕಡಿಮೆ. ಟೋಪಿಯ ವಿಷಯದಲ್ಲಿ ಅಜ್ಜಿಯರು ಹಿಡಿಯುವ ಹಟ ಕೂಸಿನ ಮಟ್ಟಿಗೆ ನ್ಯಾಯವಾದದ್ದೇ. ಜೊತೆಗೆ, ತಿಂಗಳ ಕೂಸಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿ ಇನ್ನೂ ಸರಿಯಾಗಿ ಬಂದಿರುವುದಿಲ್ಲವಾದ್ದರಿಂದ, ನಡುಗುತ್ತಿಲ್ಲ ಎಂದ ಮಾತ್ರಕ್ಕೆ ಅದಕ್ಕೆ ಚಳಿಯಾಗಿಲ್ಲ ಎಂದು ತಿಳಿಯಲಾಗದು. ಕೈಬೆರಳು ಮುಟ್ಟಿ ನೋಡುವುದೂ ಸರಿಯಾದ ಪರೀಕ್ಷೆಯಲ್ಲ, ಏಕೆಂದರೆ ಕೂಸಿನ ಕೈಕಾಲು ಬೆಚ್ಚಗಿನ ಮನೆಯಲ್ಲೂ ತಣ್ಣಗಿರುತ್ತವೆ. ಕುತ್ತಿಗೆಯ ಹಿಂಭಾಗಕ್ಕೋ ಎದೆಗೋ ಬೆರಳಿಟ್ಟು ನೋಡಬೇಕು: ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಒಂದು ಪದರ ಹೆಚ್ಚಾಗಿದೆ, ತಣ್ಣಗಿದ್ದರೆ ಒಳಗೆ ಹೋಗುವ ಹೊತ್ತಾಗಿದೆ.

ನಾವು ಹೆಚ್ಚಾಗಿ ಮೋಸಹೋಗುವುದು ತಳ್ಳುಗಾಡಿಯ ವಿಷಯದಲ್ಲಿ. ತಳ್ಳುವವರಿಗೆ ಬೆವರು, ಕೂತವರಿಗೆ ನಡುಕ. ನಾವು ನಡೆದು ಮೈ ಬಿಸಿ ಮಾಡಿಕೊಂಡು, ಚಳಿ ಅಷ್ಟೇನೂ ಇಲ್ಲವೆಂದು ಮುಂದೆ ಮುಂದೆ ಸಾಗುವಾಗ, ಅಲುಗಾಡದೆ ಕೂತ ಮಗು ಗಾಳಿಗೆ ಮುಖವೊಡ್ಡಿಕೊಂಡಿರುತ್ತದೆ. ಓಡಾಡುವ ಮಗುವಿಗೆ ನಮ್ಮಷ್ಟೇ ಬಟ್ಟೆ ಸಾಕಾಗುವ ದಿನವೂ ಗಾಡಿಯಲ್ಲಿ ಕೂತ ಮಗುವಿಗೆ ಒಂದು ಪದರ ಹೆಚ್ಚೇ ಬೇಕು. ಆದರೆ ಗಾಡಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಚ್ಚಿದ್ದರೆ, ಬಿಸಿಲಿನಲ್ಲಾಗಲಿ ಕಟ್ಟಡದೊಳಗಾಗಲಿ ಅದನ್ನು ತಕ್ಷಣ ತೆರೆಯಬೇಕು; ಒಳಗಿನ ಗಾಳಿ ಬಹಳ ಬೇಗ ಕಾಯುತ್ತದೆ.

ಹವಾಮಾನ ವರದಿ ನೋಡುವಾಗ ಉಷ್ಣಾಂಶದ ಪಕ್ಕದಲ್ಲಿರುವ ಗಾಳಿಯ ವೇಗವನ್ನೂ ಓದಬೇಕು. 2001ರಲ್ಲಿ ಕೆನಡಾ ಮತ್ತು ಅಮೆರಿಕ ಅಳವಡಿಸಿಕೊಂಡ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ, ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸುತ್ತಿದ್ದರೆ ಬರಿಯ ಚರ್ಮಕ್ಕೆ ಸುಮಾರು ಮೈನಸ್ 6ರಿಂದ 7 ಡಿಗ್ರಿಯಷ್ಟು ಚಳಿ ಅನ್ನಿಸುತ್ತದೆ. ಮೈನಸ್ 10ರಲ್ಲಿ ಅದೇ ಗಾಳಿ ಬಂದರೆ ಮೈನಸ್ 20ರ ಹತ್ತಿರ. ಈ ಅನ್ನಿಸುವ ಚಳಿ ಮೈನಸ್ 28ರ ಆಚೆಗೆ ಹೋದರೆ ತೆರೆದ ಚರ್ಮ ಅರ್ಧ ಗಂಟೆಯೊಳಗೇ ಮರಗಟ್ಟುವ ಅಪಾಯವಿರುವುದರಿಂದ, ಅಂಥ ದಿನ ಎಳೆಯ ಮಕ್ಕಳ ವಿಷಯದಲ್ಲಿ ಹೊರಾಂಗಣದ ಆಯ್ಕೆಗಳನ್ನು ಪಟ್ಟಿಯಿಂದಲೇ ತೆಗೆದುಹಾಕಬೇಕು.

ಹೊರಾಂಗಣ: ಹತ್ತಿರದ ಉದ್ಯಾನವೋ, ಕಾಡಿನ ದಾರಿಯೋ, ಮೃಗಾಲಯವೋ

ನಡೆದು ತಲುಪಬಹುದಾದ ಉದ್ಯಾನ ಅಥವಾ ಆಟದ ಬಯಲನ್ನು ಯಾರೂ ಪ್ರವಾಸವೆಂದು ಎಣಿಸುವುದಿಲ್ಲ. ನನ್ನ ಒರೆಗಲ್ಲಿನಲ್ಲಿ ಮಾತ್ರ ಅದಕ್ಕೇ ಮೊದಲ ಸ್ಥಾನ. ಟಿಕೆಟ್ಟಿಲ್ಲ, ಸಾಲಿಲ್ಲ, ಇಪ್ಪತ್ತೇ ನಿಮಿಷಕ್ಕೆ ಹಿಂತಿರುಗಿದರೂ ನಷ್ಟವೆನಿಸುವುದಿಲ್ಲ. ಒಣ ಚಳಿಯಲ್ಲಿ ಎರಡರಿಂದ ಆರು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ, ಏಕೆಂದರೆ ಅವರು ನಿಲ್ಲುವುದೇ ಇಲ್ಲ, ಓಡುತ್ತಾ ಮೈ ಬಿಸಿ ಮಾಡಿಕೊಳ್ಳುತ್ತಾರೆ. ಎಚ್ಚರಿಕೆಗಳು ಕೆಲವಿವೆ. ಉದ್ದನೆಯ ಶಾಲು ಮತ್ತು ಕೋಟಿನ ಇಳಿಬಿದ್ದ ದಾರಗಳು ಜಾರುಬಂಡೆಗೋ ಏಣಿಗೋ ಸಿಕ್ಕಿಕೊಂಡರೆ ಕುತ್ತಿಗೆಗೆ ಉರುಳಾಗುತ್ತವೆ. ಕುತ್ತಿಗೆಗೆ ಅಂಟಿ ಕೂರುವ ಉಣ್ಣೆಯ ಪಟ್ಟಿ ಅದಕ್ಕಿಂತ ಸುರಕ್ಷಿತ. ನೀರು ಹೆಪ್ಪುಗಟ್ಟುವಷ್ಟು ಚಳಿಯಿದ್ದಲ್ಲಿ ಲೋಹದ ಕಂಬಕ್ಕೆ ನಾಲಗೆ ತಾಗಿಸಿ ನೋಡುವ ಕುತೂಹಲ ಒಂದಲ್ಲ ಒಂದು ಮಗುವಿಗೆ ಬಂದೇ ಬರುತ್ತದೆ. ಅಂಟಿಕೊಂಡರೆ ಎಳೆಯಬಾರದು, ಉಗುರುಬೆಚ್ಚಗಿನ ನೀರು ಸುರಿದರೆ ತಾನಾಗಿ ಬಿಡುತ್ತದೆ.

ಬಟ್ಟೆಯ ವಿಷಯದಲ್ಲಿ ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು ಎಂಬುದೊಂದನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು. ಹತ್ತಿ ಬೆವರನ್ನು ಹೀರಿಕೊಂಡು ಮೈಗಂಟಿ ತಣ್ಣಗಾಗುತ್ತದೆ. ಉಣ್ಣೆ ತೇವವಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಇನ್ನೊಂದು ಸಣ್ಣ ಕ್ರಮ ಬಹಳ ಉಪಕಾರಿ: ಮನೆಯಲ್ಲಿ ದೊಡ್ಡವರು ಪೂರ್ತಿ ಸಿದ್ಧರಾದ ಮೇಲೆಯೇ ಮಕ್ಕಳಿಗೆ ಹೊರಬಟ್ಟೆ ತೊಡಿಸಬೇಕು. ಕೋಟು ತೊಟ್ಟು ಬೆಚ್ಚಗಿನ ಕೋಣೆಯಲ್ಲಿ ಕಾಯುವ ಮಗು ಬೆವರುತ್ತದೆ, ಬೆವರಿದ ಮಗು ಹೊರಗೆ ಬಂದೊಡನೆ ನಡುಗುತ್ತದೆ.

ಕಾಡಿನ ಅಥವಾ ಕೆರೆಯಂಚಿನ ದಾರಿಯ ನಡಿಗೆ ಇದಕ್ಕಿಂತ ಸುಂದರ, ಮತ್ತು ಮರಗಳು ಗಾಳಿಯನ್ನು ತಡೆಯುವುದರಿಂದ ಬಯಲಿಗಿಂತ ಎಷ್ಟೋ ಬೆಚ್ಚಗೆ. ಆದರೆ ಹಿಂತಿರುಗುವ ಲೆಕ್ಕದಲ್ಲಿ ಇದು ಹಿಂದೆ ಬೀಳುತ್ತದೆ, ಏಕೆಂದರೆ ಮೂರು ವರ್ಷದ ಮಗುವಿಗೆ ದಣಿವು ತಿಳಿಯುವುದು ಅತ್ಯಂತ ದೂರದ ತಿರುವಿಗೆ ತಲುಪಿದ ಮೇಲೆಯೇ. ಸುತ್ತು ಹಾಕಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ಬರುವ ನಡಿಗೆ ಇಲ್ಲಿ ಮೇಲು. ಸುತ್ತುದಾರಿಯಲ್ಲಿ ಅರ್ಧ ದಾಟಿದ ಮೇಲೆ ಹಿಂತಿರುಗುವ ಮಾತೇ ಇಲ್ಲ. ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು, ದಣಿದು ಬರುವಾಗ ಗಾಳಿ ಬೆನ್ನಿಗಿರುತ್ತದೆ. ಕೂಸನ್ನು ಎದೆಗೆ ಕಟ್ಟಿಕೊಂಡರೆ ನಮ್ಮ ಮೈಬಿಸಿಯೇ ಅದಕ್ಕೆ ಹೊದಿಕೆ, ಆದರೆ ಪ್ಯಾಂಟು ಮೇಲೆ ಸರಿದು ಅದರ ಕಣಕಾಲು ಬರಿದಾಗಿರುವುದು ನಮಗೆ ಕಾಣಿಸುವುದಿಲ್ಲ. ನೆಲ ಜಾರುತ್ತಿದ್ದರೆ ಕೂಸನ್ನು ಕಟ್ಟಿಕೊಂಡು ನಡೆಯುವುದೇ ಬೇಡ.

ಮೃಗಾಲಯಕ್ಕೆ ಚಳಿಗಾಲದಲ್ಲಿ ಯಾರಾದರೂ ಹೋಗುತ್ತಾರೆಯೇ ಎಂದು ಹುಬ್ಬೇರಿಸುವವರಿದ್ದಾರೆ. ಜನಜಂಗುಳಿ ಕಡಿಮೆಯಿರುವುದೊಂದೇ ಅಲ್ಲ, ಹಿಮಚಿರತೆ, ತೋಳ, ಕೆಂಪು ಪಾಂಡಾದಂಥ ಚಳಿನಾಡಿನ ಪ್ರಾಣಿಗಳು ಬೇಸಿಗೆಯ ಮಧ್ಯಾಹ್ನಕ್ಕಿಂತ ಈಗಲೇ ಹೆಚ್ಚು ಚುರುಕಾಗಿರುತ್ತವೆ. ಸರೀಸೃಪಗಳ ಮನೆ, ಪಕ್ಷಿಗಳ ಬೆಚ್ಚಗಿನ ಕಟ್ಟಡ ಇರುವ ಮೃಗಾಲಯವಾದರೆ ಹತ್ತು ನಿಮಿಷ ಹೊರಗೆ, ಹತ್ತು ನಿಮಿಷ ಒಳಗೆ ಎಂದು ಹೆಣೆದುಕೊಳ್ಳಬಹುದು. ಒಳಕಟ್ಟಡಗಳು ಯಾವುವು ತೆರೆದಿವೆ ಎಂದು ಹೊರಡುವ ಮೊದಲೇ ವಿಚಾರಿಸಬೇಕು. ಅವೆಲ್ಲ ಮುಚ್ಚಿದ್ದರೆ ಮೃಗಾಲಯ ಬರೀ ದೀರ್ಘವಾದ ಚಳಿನಡಿಗೆಯಾಗುತ್ತದೆ, ಅದೂ ದುಡ್ಡು ಕೊಟ್ಟು.

ಹಿಮ ಬೀಳುವ ಕಡೆ ಮಕ್ಕಳಿಗೆ ಇಳಿಜಾರಿನಲ್ಲಿ ಜಾರುಗಾಡಿಯ ಆಟಕ್ಕಿಂತ ದೊಡ್ಡ ಆಸೆ ಇರದು. ಐದು ವರ್ಷದೊಳಗಿನವರು ದೊಡ್ಡವರ ಜೊತೆಗೇ, ಪಾದ ಮುಂದಾಗಿ ಕೂತು, ಹೆಲ್ಮೆಟ್ ತೊಟ್ಟು ಜಾರಬೇಕು. ಇಳಿಜಾರಿನ ಕೊನೆಯಲ್ಲಿ ಮರ, ಬೇಲಿ, ರಸ್ತೆ, ಕೆರೆ ಯಾವುದೂ ಇರಬಾರದು. ಹೊಸ ಹಿಮ ನೇರಳಾತೀತ ಕಿರಣಗಳನ್ನು ಶೇಕಡಾ 80ರವರೆಗೂ ಹಿಂದಕ್ಕೆ ಚಿಮ್ಮಿಸುವುದರಿಂದ ಬಿಸಿಲಿನ ದಿನ ಕಣ್ಣು, ಕೆನ್ನೆಗಳಿಗೆ ರಕ್ಷಣೆ ಬೇಕು. ಹೆಪ್ಪುಗಟ್ಟಿದ ಕೆರೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಒಬ್ಬರು ನಡೆಯಲು ಗಟ್ಟಿಯಾದ ತಿಳಿ ಮಂಜುಗಡ್ಡೆ ಕನಿಷ್ಠ 10 ಸೆಂಟಿಮೀಟರ್ ದಪ್ಪ ಇರಬೇಕೆಂದು ಹೇಳುತ್ತಾರೆ, ಆದರೆ ಆ ದಪ್ಪ ಒಂದೇ ಕೆರೆಯಲ್ಲಿ ಅಲ್ಲಲ್ಲಿಗೆ ಬೇರೆ ಬೇರೆ, ಮತ್ತು ದಡದಿಂದ ನೋಡಿ ಅದನ್ನು ಹೇಳಲು ಬಾರದು. ಎಳೆಯ ಮಕ್ಕಳಿಗೆ ಕಟ್ಟಡದೊಳಗಿನ ಸ್ಕೇಟಿಂಗ್ ಅಂಗಳವೇ ಸಾಕು.

ಒಳಾಂಗಣ: ಗ್ರಂಥಾಲಯದಿಂದ ಈಜುಕೊಳದವರೆಗೆ

ಒಳಾಂಗಣ ಆಟದ ಕೇಂದ್ರಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎರಡು ಗಂಟೆ ಎಗರಿ ಹಾರಿ ಸುಸ್ತಾದ ಮಗು ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತದೆ ಎಂಬುದು ನಿಜ. ಗದ್ದಲ ವಿಪರೀತ, ದೊಡ್ಡ ಮಕ್ಕಳ ನಡುವೆ ಸಣ್ಣವರು ತುಳಿತಕ್ಕೆ ಸಿಗುತ್ತಾರೆ, ಮತ್ತು ಮಳೆಯೋ ಚಳಿಯೋ ಹೆಚ್ಚಾದ ದಿನ ಊರಿನ ಮಕ್ಕಳೆಲ್ಲ ಅಲ್ಲೇ ಇರುತ್ತಾರೆ. ವಾಂತಿಭೇದಿ ತರುವ ನೊರೋವೈರಸ್ ಚಳಿಗಾಲದಲ್ಲಿ ಹೆಚ್ಚಾಗಿ ಹರಡುತ್ತದೆ, ಅದಕ್ಕೆ ಆಲ್ಕೋಹಾಲಿನ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ತಿನ್ನುವ ಮೊದಲು ಸೋಪು ಹಚ್ಚಿ ನೀರಿನಲ್ಲಿ ಕೈ ತೊಳೆಯಲೇಬೇಕು. ಒಂದು ವರ್ಷದ ಕೆಳಗಿನವರಿಗೆ ಈ ಜಾಗದಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು. ಮೂರು ತಿಂಗಳೊಳಗಿನ ಕೂಸಿಗಂತೂ ಯಾವುದೇ ಕಿಕ್ಕಿರಿದ ಒಳಾಂಗಣ ಬೇಡ, ಏಕೆಂದರೆ ಆ ವಯಸ್ಸಿನಲ್ಲಿ 38 ಡಿಗ್ರಿ ಜ್ವರ ಬಂದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕಾಗುತ್ತದೆ.

ಗ್ರಂಥಾಲಯದ ಮಕ್ಕಳ ವಿಭಾಗ ಇದಕ್ಕೆ ನೇರ ವಿರುದ್ಧ. ಯಾವಾಗ ಬೇಕಾದರೂ ಎದ್ದು ಬರಬಹುದು, ಬರುವಾಗ ಕೈಯಲ್ಲಿ ಎರಡು ಪುಸ್ತಕಗಳಿದ್ದರೆ ಆ ಸಂಜೆಯ ಚಿಂತೆಯೂ ತಪ್ಪುತ್ತದೆ. ಓಡುವ ಮಗುವಿಗೆ ಮುಕ್ಕಾಲು ಗಂಟೆಗಿಂತ ಹೆಚ್ಚು ಇಲ್ಲಿ ಹಿಡಿಸದು. ಹಾಗಾಗಿ ಇದನ್ನು ಒಂದು ಇಡೀ ದಿನದ ಕಾರ್ಯಕ್ರಮವೆಂದು ಎಣಿಸಬಾರದು, ಉದ್ಯಾನದ ಜೊತೆಗೆ ಜೋಡಿಸಬೇಕು.

ವಸ್ತುಸಂಗ್ರಹಾಲಯಗಳಲ್ಲಿ ಎರಡು ಬಗೆ. ಮುಟ್ಟಬೇಡಿ ಎನ್ನುವ ಬಗೆ ಒಂದು, ಮುಟ್ಟಿ ನೋಡಿ ಎನ್ನುವ ಬಗೆ ಇನ್ನೊಂದು. ಎರಡನೆಯದಕ್ಕೆ ಈಗ ನೂರಕ್ಕೂ ಹೆಚ್ಚು ವರ್ಷದ ಚರಿತ್ರೆಯಿದೆ: ಮಕ್ಕಳಿಗೆಂದೇ ಮೊದಲ ವಸ್ತುಸಂಗ್ರಹಾಲಯ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1899ರಲ್ಲಿ ತೆರೆಯಿತು. ಸನ್ನೆಗೋಲು ಒತ್ತಿ, ನೀರು ಹರಿಸಿ, ಚಕ್ರ ತಿರುಗಿಸಿ ನೋಡುವ ಅವಕಾಶ ಇರುವ ವಿಜ್ಞಾನ ಕೇಂದ್ರಗಳು ಮೂರು ದಾಟಿದ ಮಕ್ಕಳಿಗೆ ಬಹಳ ಒಪ್ಪುತ್ತವೆ. ಆದರೆ ಮುಟ್ಟಬಾರದ ಬಗೆಯನ್ನು ತಳ್ಳಿಹಾಕುವ ಅಗತ್ಯವೂ ಇಲ್ಲ. ಒಂದೇ ಕೋಣೆ ನೋಡುವುದೆಂದು ಮೊದಲೇ ನಿರ್ಧರಿಸಿ ಹೋದರೆ, ಡೈನೊಸಾರಿನ ಎಲುಬುಗೂಡಿನ ಕೆಳಗೆ ನಿಂತು ಅದರ ಹಲ್ಲು ಎಣಿಸುವುದರಲ್ಲೇ ನಾಲ್ಕು ವರ್ಷದ ಮಗುವಿನ ಬೆಳಗು ಕಳೆಯುತ್ತದೆ. ಇಡೀ ಕಟ್ಟಡ ನೋಡಿ ಮುಗಿಸಬೇಕೆಂಬ ಹಟ ಇರುವುದು ದೊಡ್ಡವರಿಗೆ ಮಾತ್ರ. ಪ್ರವೇಶ ಉಚಿತವಿರುವ ಅಥವಾ ವಾರ್ಷಿಕ ಸದಸ್ಯತ್ವ ಕೊಡುವ ಸಂಗ್ರಹಾಲಯ ಹತ್ತಿರದಲ್ಲಿದ್ದರೆ ಅದು ಚಳಿಗಾಲದ ಅತ್ಯುತ್ತಮ ಒಳಾಂಗಣ ಆಯ್ಕೆ ಎಂದು ನಾನು ಹೇಳುತ್ತೇನೆ, ಏಕೆಂದರೆ ಆಗ ಅರ್ಧ ಗಂಟೆಗೆ ಹೊರಟು ಬರಲು ಮನಸ್ಸು ಹಿಂಜರಿಯುವುದಿಲ್ಲ. ಹೋಗುವ ಮುನ್ನ ಕೋಟು ಇಡುವ ಜಾಗ ಇದೆಯೇ ಎಂದು ನೋಡಿಕೊಳ್ಳಿ. ನಾಲ್ಕು ಜನರ ಚಳಿಬಟ್ಟೆಯನ್ನು ತೋಳಿನ ಮೇಲೆ ಹೊತ್ತು ಮಗುವಿನ ಹಿಂದೆ ಓಡುವುದು ಶಿಕ್ಷೆ.

ಅಕ್ವೇರಿಯಂ ಕೂಸುಗಳಿಗೂ ಒಪ್ಪುವ ಅಪರೂಪದ ಜಾಗ. ಮಂದ ಬೆಳಕು, ನಿಧಾನವಾಗಿ ತೇಲುವ ಜೆಲ್ಲಿಮೀನು, ತಳ್ಳುಗಾಡಿಗೆ ಸಮತಟ್ಟಾದ ನೆಲ. ಕೂಸು ಕಣ್ಣರಳಿಸಿ ನೋಡುತ್ತದೆ, ಇಲ್ಲವೇ ನಿದ್ದೆ ಮಾಡುತ್ತದೆ, ಎರಡೂ ಲಾಭವೇ. ಟಿಕೆಟ್ ದುಬಾರಿಯಾಗಿರುವುದೂ ಒಂದೂವರೆ ಗಂಟೆಯಲ್ಲಿ ನೋಡಿ ಮುಗಿಯುವುದೂ ಇದರ ಕೊರತೆಗಳು.

ಸಸ್ಯೋದ್ಯಾನಗಳ ಬಿಸಿಯಾದ ಗಾಜಿನ ಮನೆಗಳನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1848ರಲ್ಲಿ ಪೂರ್ಣಗೊಂಡ ತಾಳೆಮನೆಯಂತೆ ಅನೇಕ ಕಡೆ ಇಂಥ ಕಟ್ಟಡಗಳಿವೆ. ಹೊರಗೆ ಬೋಳು ಮರ, ಒಳಗೆ ಬಾಳೆ ಮತ್ತು ಕೋಕೋ. ಒಳಹೊಕ್ಕೊಡನೆ ಕನ್ನಡಕ ಮಸುಕಾಗುವುದನ್ನು ನೋಡಿ ಮಕ್ಕಳು ನಗುತ್ತಾರೆ. ಇಲ್ಲಿನ ತೇವಭರಿತ ಬಿಸಿಗಾಳಿಯಲ್ಲಿ ಕೋಟನ್ನೂ ಸ್ವೆಟರನ್ನೂ ಕೂಡಲೇ ಬಿಚ್ಚದಿದ್ದರೆ ಮಗು ಬೆವರಿ ತೊಯ್ಯುತ್ತದೆ, ಆ ಒದ್ದೆ ಮೈಯಲ್ಲೇ ಮತ್ತೆ ಚಳಿಗೆ ಬರಬೇಕಾಗುತ್ತದೆ. ಒಳಗಿನ ಒಂದು ಜೊತೆ ಒಣಬಟ್ಟೆ ಚೀಲದಲ್ಲಿರಲಿ.

ಈಜುಕೊಳದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಮಕ್ಕಳು ಹೆಚ್ಚು ಖುಷಿಪಡುವ ಜಾಗವೂ ಅದೇ, ನಡುವೆ ಎದ್ದು ಬರಲು ಅತ್ಯಂತ ಕಷ್ಟವಾದ ಜಾಗವೂ ಅದೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆದುಕೊಳ್ಳುತ್ತದೆ. ಈಜುಸ್ಪರ್ಧೆಯ ಕೊಳಗಳ ನೀರು 25ರಿಂದ 28 ಡಿಗ್ರಿಯಷ್ಟಿರುತ್ತದೆ. ವೇಗವಾಗಿ ಈಜುವವರಿಗೆ ಅದು ಹಿತ, ಸೊಂಟದಾಳದಲ್ಲಿ ನಿಂತು ಆಡುವ ಮಗುವಿಗೆ ಕೊರೆಯುವ ತಣ್ಣೀರು. ಕೂಸುಗಳಿಗೆ 32 ಡಿಗ್ರಿಯ ಆಸುಪಾಸಿನ ನೀರು ಬೇಕೆಂಬುದು ಸಾಮಾನ್ಯ ಸಲಹೆ. ಹಾಗಾಗಿ ಮೊದಲು ವಿಚಾರಿಸಬೇಕಾದದ್ದು ಮಕ್ಕಳ ಕೊಳದ ಉಷ್ಣಾಂಶ. ಜಾರುಕೊಳವೆಗಳು ಎಷ್ಟಿವೆ ಎಂಬುದು ಆಮೇಲಿನ ಮಾತು. ತುಟಿ ನೀಲಿಯಾಗುತ್ತಿದ್ದರೆ, ಇನ್ನು ಐದೇ ನಿಮಿಷ ಎಂಬ ಬೇಡಿಕೆಗೆ ಒಪ್ಪಬಾರದು. ಬಟ್ಟೆ ಬದಲಿಸಲು, ಕೂದಲು ಒಣಗಿಸಲು, ಕಳೆದ ಕಾಲುಚೀಲ ಹುಡುಕಲು ಇಬ್ಬರು ಮಕ್ಕಳಿಗೆ ಮುಕ್ಕಾಲು ಗಂಟೆ ಬೇಕೇ ಬೇಕು, ಆ ಮುಕ್ಕಾಲು ಗಂಟೆ ಹಸಿವಿನ ಹೊತ್ತಿಗೇ ಸರಿಯಾಗಿ ಬರುತ್ತದೆ. ನೀರಿಗಿಳಿಯುವ ಮೊದಲೇ ತಿಂಡಿಯ ಡಬ್ಬಿಯನ್ನು ಬೀರುವಿನ ಮೇಲ್ಭಾಗದಲ್ಲಿಟ್ಟಿರುವುದು ಬಲ್ಲವರ ಲಕ್ಷಣ. ನೀರಿನಲ್ಲಿ ಒಂದೊಂದು ಮಗುವಿಗೆ ಕೈಯಳತೆಯ ದೂರದಲ್ಲೇ ಒಬ್ಬೊಬ್ಬ ದೊಡ್ಡವರು ಇರಬೇಕು. ಇಬ್ಬರು ಎಳೆಯ ಮಕ್ಕಳಿಗೆ ಒಬ್ಬರೇ ಹೋಗುವ ವಾರಾಂತ್ಯವಾದರೆ ಈಜುಕೊಳ ಆಯ್ಕೆಯೇ ಅಲ್ಲ.

ಚಲನಚಿತ್ರ, ಬೊಂಬೆಯಾಟ, ತಾರಾಲಯಗಳು ನಾಲ್ಕೈದು ವರ್ಷದ ಮೇಲಿನವರಿಗೆ. ಕತ್ತಲೆಗೂ ದೊಡ್ಡ ಸದ್ದಿಗೂ ಹೆದರುವ ಮಗುವಾದರೆ ಬಾಗಿಲ ಪಕ್ಕದ ಆಸನ ಹಿಡಿಯಬೇಕು.

ಹೊತ್ತು, ದಾರಿ, ವಯಸ್ಸು

ಚಳಿಗಾಲದಲ್ಲಿ ಬಿಸಿಲು ಹಿತವಾಗಿರುವುದು ಮಧ್ಯಾಹ್ನದ ನಂತರ ಒಂದೆರಡು ಗಂಟೆ. ಎಳೆಯ ಮಕ್ಕಳು ಮಲಗುವುದೂ ಆಗಲೇ. ಈ ತೊಡಕಿಗೆ ಒಂದೇ ಪರಿಹಾರ ಎಲ್ಲರಿಗೂ ಒಗ್ಗದು. ತಳ್ಳುಗಾಡಿಯಲ್ಲಿ ನಿದ್ದೆ ಮಾಡುವ ಕೂಸಿದ್ದರೆ ಅದು ಮಲಗುವ ಹೊತ್ತೇ ನಡಿಗೆಯ ಹೊತ್ತಾಗಲಿ. ಹಾಸಿಗೆಯಲ್ಲೇ ಮಲಗಬೇಕೆನ್ನುವ ಎರಡು ವರ್ಷದ ಮಗುವಿದ್ದರೆ ಬೆಳಗಿನ ಚಳಿಯನ್ನು ಒಳಾಂಗಣದಲ್ಲಿ ಕಳೆದು, ಮನೆಗೆ ಬಂದು ಮಲಗಿಸಿ, ಎದ್ದ ಮೇಲೆ ಕತ್ತಲಾಗುವ ಮೊದಲು ಅರ್ಧ ಗಂಟೆ ಉದ್ಯಾನಕ್ಕೆ ಹೋಗುವುದು ಒಳ್ಳೆಯದು.

ಕಾರಿನಲ್ಲಿ ಹೋಗುವುದಾದರೆ ದಪ್ಪನೆಯ ಉಬ್ಬುಕೋಟು ತೊಡಿಸಿ ಮಗುವನ್ನು ಆಸನದ ಪಟ್ಟಿಗೆ ಬಿಗಿಯಬಾರದು. ಅಪಘಾತವಾದಾಗ ಕೋಟಿನೊಳಗಿನ ಹತ್ತಿ ಒಮ್ಮೆಲೇ ಅಪ್ಪಚ್ಚಿಯಾಗಿ, ಬಿಗಿಯೆಂದು ತೋರುತ್ತಿದ್ದ ಪಟ್ಟಿ ಸಡಿಲಾಗಿರುತ್ತದೆ. ತೆಳು ಸ್ವೆಟರಿನ ಮೇಲೆ ಪಟ್ಟಿ ಬಿಗಿದು, ಅದರ ಮೇಲೆ ಕಂಬಳಿ ಹೊದಿಸಬೇಕು. ಹೀಗೆ ಬಿಚ್ಚಿ ತೊಡಿಸುವ ಕೆಲಸವನ್ನೂ ಎಣಿಸಿದರೆ ನಲವತ್ತು ನಿಮಿಷದ ಕಾರುಪ್ರಯಾಣಕ್ಕಿಂತ ಹದಿನೈದು ನಿಮಿಷದ ನಡಿಗೆಯೇ ಹಗುರ.

ವಯಸ್ಸಿನ ಲೆಕ್ಕದಲ್ಲಿ ನನ್ನ ಆಯ್ಕೆಗಳು ಇವು. ಒಂದು ವರ್ಷದೊಳಗಿನ ಕೂಸು ಮಾತ್ರ ಇರುವವರು ಗಾಳಿಯಿಲ್ಲದ ದಿನ ಮರಗಳ ನಡುವೆ ಸಣ್ಣ ನಡಿಗೆ ಮಾಡಲಿ, ಗಾಳಿಯಿದ್ದರೆ ಜನ ಕಡಿಮೆಯಿರುವ ಹೊತ್ತು ನೋಡಿ ಅಕ್ವೇರಿಯಮ್ಮಿಗೋ ಗಾಜಿನ ಮನೆಗೋ ಹೋಗಲಿ. ಒಂದರಿಂದ ಮೂರರವರಿಗೆ ಉದ್ಯಾನ ಮತ್ತು ಗ್ರಂಥಾಲಯದ ಜೋಡಿಗೆ ಸಾಟಿಯಿಲ್ಲ. ಮೂರರಿಂದ ಆರರವರಿಗೆ ಮೃಗಾಲಯ, ಮುಟ್ಟಿ ನೋಡುವ ಸಂಗ್ರಹಾಲಯ, ಹಿಮವಿದ್ದಲ್ಲಿ ಜಾರುಗಾಡಿ, ಬೆಚ್ಚಗಿನ ಕೊಳ, ಇದೇ ಕ್ರಮದಲ್ಲಿ.

ಒಂದೇ ಮನೆಯಲ್ಲಿ ಎಂಟು ತಿಂಗಳ ಕೂಸೂ ಐದು ವರ್ಷದ ಮಗುವೂ ಇದ್ದಾಗ ಇಬ್ಬರಿಗೂ ಒಪ್ಪುವ ಜಾಗ ಹುಡುಕುತ್ತಾ ಶನಿವಾರ ಬೆಳಗೆಲ್ಲ ಕಳೆದುಹೋಗುತ್ತದೆ. ಆಗ ಒಳಗೂ ಹೊರಗೂ ಜಾಗವಿರುವ ಒಂದೇ ಸ್ಥಳಕ್ಕೆ ಎಲ್ಲರೂ ಹೋಗಿ ಅಲ್ಲಿ ಎರಡಾಗಿ ಒಡೆಯುವುದೇ ಸರಿ: ಒಬ್ಬರು ಕೂಸಿನೊಡನೆ ಗಾಜಿನ ಮನೆಯ ಬೆಂಚಿನಲ್ಲಿ, ಇನ್ನೊಬ್ಬರು ದೊಡ್ಡ ಮಗುವಿನೊಡನೆ ಹೊರಗಿನ ಬಯಲಿನಲ್ಲಿ, ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿಕೊಂಡು. ಒಬ್ಬರ ಹತ್ತಿರ ಮನೆಯ ಬೀಗದಕೈ, ಇನ್ನೊಬ್ಬರ ಹತ್ತಿರ ಡೈಪರ್ ಚೀಲ ಉಳಿಯದಂತೆ ಒಡೆಯುವ ಮೊದಲೇ ನೋಡಿಕೊಂಡರೆ ಸಾಕು.